ಕರವಸ್ತ್ರದಲ್ಲಿ ಬಂದ ಹೆಪ್ಪು

ಕುವೋಪಿಯೊ, ಮಂಗಳವಾರ

ಪ್ರೀತಿಯ ಹಿಲ್ಯಾ ಚಿಕ್ಕಮ್ಮ,

ನೀನು ಮೊಸರಲ್ಲಿ ಅದ್ದಿ ಒಣಗಿಸಿ ಕಳಿಸಿದ ಕರವಸ್ತ್ರ ತಲುಪಿತು. ಕರುಳು ಸರಿಯಿದ್ದರೆ ಅಮ್ಮನ ಆಲ್ಝೈಮರ್‌ಗೂ ಒಳ್ಳೆಯದಿರಬಹುದು ಎಂದು ಇಲ್ಲಿಯ ಡಾಕ್ಟರು ಒಳ್ಳೆಯ ಸೂಕ್ಷ್ಮಜೀವಿಗಳ ಗುಳಿಗೆ ಕೊಟ್ಟಿದ್ದರು. ಅಮ್ಮ ಎಲ್ಲವನ್ನೂ ಹೂಕುಂಡಕ್ಕೆ ಉಗಿದಳು. "ಹಾಗಾದ್ರೆ ನಿಮ್ಮನೆ ಮೊಸರೇ ತಿನ್ಸಿ" ಎಂದು ಅವರೇ ಸೋತರು.

ನಿನ್ನ ಕರವಸ್ತ್ರ ಹಪ್ಪಳದಂತೆ ಸೆಟೆದಿತ್ತು. ಅಮ್ಮನನ್ನು ನೋಡಿಕೊಳ್ಳುವ ನರ್ಸ್ ಅದನ್ನು ಕೊಳೆಬಟ್ಟೆ ಎಂದುಕೊಂಡು ಒಗೆಯಲು ಎತ್ತಿಕೊಂಡಳು. ವರ್ಷದಿಂದ ನನ್ನ ಹೆಸರೂ ನಿನ್ನ ಹೆಸರೂ ನೆನಪಿಲ್ಲದ ಅಮ್ಮ ಥಟ್ಟನೆ ಕಿತ್ತುಕೊಂಡಳು. "ಅಯ್ಯೋ ಪೆದ್ದೀ, ಹೆಪ್ಪಿಗೆ ಯಾರಾದ್ರೂ ಸೋಪು ಹಾಕ್ತಾರೇನೇ? ಹಾಲು ತಾ!" ಎಂದು ಗದರಿ, ತಾನೇ ಅದನ್ನು ಹಾಲಿನಲ್ಲಿ ನೆನೆಸಿದಳು. ಮರುದಿನ ಚಮಚದಿಂದ ಎಳೆ ಎಳೆಯಾಗಿ ಜೋತಾಡುವ ನಮ್ಮೂರ ಮೊಸರು ಸಿದ್ಧ!

ಈಗ ದಿನಾ ಒಂದು ಬಟ್ಟಲು ತಿನ್ನುತ್ತಾಳೆ. ಹೊಟ್ಟೆ ಸರಿಹೋಗಿದೆ, ನಿದ್ದೆಯೂ ಬರುತ್ತಿದೆ. ನೆನಪಿನ ಬಗ್ಗೆ ಡಾಕ್ಟರು ಯಾವ ಭರವಸೆಯನ್ನೂ ಕೊಡುತ್ತಿಲ್ಲ. ಉಣ್ಣೆಯ ಕಾಲುಚೀಲ ಸಾಕಷ್ಟಿವೆ, ಕಳಿಸಬೇಡ. ನಿನ್ನ ಉಪಕಾರವನ್ನು ಹೇಗೆ ತೀರಿಸಲಿ?

ಇವತ್ತು ನಾನು ಬಟ್ಟಲಿನ ತಳ ಕೆರೆಯಹೋದಾಗ ಅಮ್ಮ ಕೈಮೇಲೆ ಹೊಡೆದಳು: "ಒಂದ್ ಚಮಚ ಬಿಡೇ. ಹಿಲ್ಯಾ ಬಂದ್ರೆ ಹೆಪ್ಪು ಕೇಳ್ತಾಳೆ."

ಬಿಟ್ಟಿದ್ದೇನೆ ಚಿಕ್ಕಮ್ಮ. ಬೇಗ ಬಾ.

ನಿನ್ನ ವೆನ್ಲಾ