ಹನ್ನೊಂದರ ಮೇಲೊಬ್ಬಳು

ಇಂತಾ, ಉತ್ತರದ ಗಣಿ ಊರು
೯ ಸೆಪ್ಟೆಂಬರ್ ೧೯೫೬, ಭಾನುವಾರ

ಪ್ರೀತಿಯ ಅಮ್ಮಾ,

ಯೇಸುವಿಗೆ ಸ್ತುತಿಯಾಗಲಿ ಎಂದು ನಿನ್ನ ಅಗೋತಾ ಬಾಗಿಲಲ್ಲಿ ನಿಂತು ಹೇಳಿದಳೆಂದೇ ತಿಳಿದುಕೋ. ನಿನ್ನ ಮೊಣಕಾಲು ಹೇಗಿದೆ? ಬಾವಿಯ ಸುತ್ತ ಮಂಜುಗಡ್ಡೆ ಕಟ್ಟುವ ಮೊದಲೇ ಯಾರಿಗಾದರೂ ಹೇಳಿ ಬೂದಿ ಹಾಕಿಸು. ನೀನು ಯಾರ ಸಹಾಯವನ್ನೂ ಕೇಳುವವಳಲ್ಲ, ಗೊತ್ತು, ಆದರೂ ಕೇಳು. ಹಸು ಇನ್ನೂ ಹಾಲು ಕೊಡುತ್ತಿದೆಯೇ? ನನ್ನ ಚಿಂತೆ ಬೇಡ. ಹಲ್ಲು ಕೆಲವು ಬಿದ್ದಿವೆ, ಕೂದಲು ಮಾತ್ರ ಮತ್ತೆ ಬಂದಿದೆ, ನಿನ್ನ ಕೂದಲಿನ ಹಾಗೆಯೇ ಬಾಚಣಿಗೆಗೆ ಬಗ್ಗುವುದಿಲ್ಲ. ಈ ಕೈದಿ ಶಿಬಿರದಿಂದ ನನ್ನ ಬಿಡುಗಡೆಯಾಗಿದೆ ಅಮ್ಮಾ! ರೈಲಿನ ಟಿಕೆಟ್ಟಿಗೆ ಕಾಯುತ್ತಿದ್ದೇನೆ. ನನಗಿಂತ ಮೊದಲು ಹೊರಟಿರುವ ಪೆತ್ರೊನೆಲೆ ಈ ಪತ್ರವನ್ನು ಬೂಟಿನೊಳಗಿಟ್ಟು ತರುತ್ತಾಳೆ. ಅಂಚೆಯವರು ಓದುವ ಭಯವಿಲ್ಲದ್ದರಿಂದ ಮನಸ್ಸು ಬಿಚ್ಚಿ ಬರೆಯುತ್ತಿದ್ದೇನೆ.

ನಮ್ಮೂರ ಉರ್ಶುಲೆಗೂ ಬಿಡುಗಡೆಯಾಗಿದೆ. ಹೆಸರು ಕಂಡ ಕೂಡಲೇ ಪತ್ರವನ್ನು ಒಲೆಗೆ ಹಾಕಬೇಡ, ನಿನ್ನ ದಮ್ಮಯ್ಯ. ಕಾಡಿನಲ್ಲಿ ಅಡಗಿ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ನಮ್ಮ ಬೆನಾಸ್ ಅಣ್ಣನ ಹೆಸರನ್ನು ಪೊಲೀಸರಿಗೆ ಹೇಳಿದವಳು ಅವಳು, ಅವರು ಅವನನ್ನು ನಮ್ಮ ಕೊಟ್ಟಿಗೆಯಲ್ಲೇ ಕೊಂದರು, ಇದನ್ನು ನಾನು ಒಂದು ದಿನವೂ ಮರೆತಿಲ್ಲ. ಆದರೆ ಅವಳ ಮನೆಯವರು ಯಾರೂ ಉಳಿದಿಲ್ಲ, ಮನೆಯೂ ಇಲ್ಲ. ಅವಳನ್ನು ನಮ್ಮಲ್ಲಿಗೆ ಕರೆತರಬೇಕೆಂದು ನನ್ನ ಆಸೆ. ನೀನೋ ಹೋದ ಪತ್ರದಲ್ಲಿ 'ಆ ಹಾವಿನ ನೆರಳೂ ನನ್ನ ಹೊಸಿಲ ಮೇಲೆ ಬೀಳಬಾರದು' ಎಂದು ಬರೆದಿದ್ದೀಯ. ಅದಕ್ಕೇ ಐದು ವರ್ಷದ ಹಿಂದಿನ ಒಂದು ಸಂಜೆಯ ಕಥೆಯನ್ನು ನಿನಗೆ ಹೇಳಬೇಕಾಗಿದೆ.

ಅವತ್ತು ಕ್ರಿಸ್ಮಸ್ಸಿನ ಹಿಂದಿನ ದಿನ, ನಮ್ಮ ಕೂಚೋಸ್ ಊಟದ ಸಂಜೆ. ಮೊದಲ ನಕ್ಷತ್ರ ಕಂಡ ಮೇಲೆ ತಾನೇ ಊಟಕ್ಕೆ ಕೂರುವುದು? ಇಲ್ಲಿ ಆ ದಿನಗಳಲ್ಲಿ ಸೂರ್ಯ ಮುಖ ತೋರಿಸಿದ ಹಾಗೆ ಮಾಡಿ ಹೋಗಿಬಿಡುತ್ತಾನೆ. ಕೆಲಸಕ್ಕೆ ಹೊರಟಾಗಲೂ ನಕ್ಷತ್ರ, ವಾಪಸಾಗುವಾಗಲೂ ನಕ್ಷತ್ರ. ಆಕಾಶದಲ್ಲಿ ಹಸಿರು ಬೆಳಕು ಒಣಗಲು ಹಾಕಿದ ಬಟ್ಟೆಯಂತೆ ಅಲ್ಲಾಡುತ್ತಿತ್ತು. ಸಾಲಿನಲ್ಲಿ ನಡೆಯುತ್ತಲೇ ನನಗೆ ಮಂಪರು ಕವಿದು, ಹಿಮದೊಳಗೆ ನಮ್ಮ ಅಡುಗೆಮನೆ ಕಂಡಿತು. ನೀನು ಗಸಗಸೆ ಹಾಲು ಕಡೆಯುತ್ತಿದ್ದೆ, ಅಣ್ಣ ಬೆರಳದ್ದಿ ನೆಕ್ಕಿ ಬೈಸಿಕೊಳ್ಳುತ್ತಿದ್ದ. ಎಷ್ಟು ನಡೆದರೂ ಆ ಕಿಟಕಿ ಅಷ್ಟೇ ದೂರದಲ್ಲಿತ್ತು. ಕಣ್ಣು ಬಿಟ್ಟಾಗ ನಾವು ಕೈದಿಗಳು ಮಲಗುವ ಬರಾಕಿನ ಬಾಗಿಲಲ್ಲಿದ್ದೆ. ಒಳಗೆ ಹೆಂಗಸರು, ಇದು ಇವತ್ತಿನ ಮೊದಲ ನಕ್ಷತ್ರವೋ ನಿನ್ನೆಯದು ಉಳಿದದ್ದೋ ಎಂದು ಜಗಳಕ್ಕೆ ಬಿದ್ದಿದ್ದರು. ಬಾರ್ಬೊರಾ ಅಜ್ಜಿ, ನಮಗೆಲ್ಲ ಪಾದ್ರಿಯೂ ತಾಯಿಯೂ ಆಗಿದ್ದವಳು, 'ನಾನು ನೋಡಿದ್ದೇ ಮೊದಲನೇದು, ಬಾಯಿ ಮುಚ್ಕೊಂಡು ಕೂತ್ಕೊಳ್ರೇ' ಎಂದಳು.

ಕೂತೆವು. ಎಣಿಸಿದರೆ ಹನ್ನೊಂದು ಜನ! ಹನ್ನೆರಡನೆಯ ತೆಕ್ಲೆಯನ್ನು ಬೆಳಿಗ್ಗೆಯೇ ಆಸ್ಪತ್ರೆಯ ಗುಡಿಸಲಿಗೆ ಹೊತ್ತುಕೊಂಡು ಹೋಗಿದ್ದರು. ಕೂಚೋಸಿಗೆ ಬೆಸ ಸಂಖ್ಯೆಯಲ್ಲಿ ಕೂತರೆ ವರ್ಷದೊಳಗೆ ಒಬ್ಬರು ಹೋಗುತ್ತಾರೆಂದು ನೀನೇ ಹೇಳಿಕೊಟ್ಟಿದ್ದಲ್ಲವೇ. ದಿನಕ್ಕೊಂದು ಹೆಣ ನೋಡುತ್ತಿದ್ದ ನಾವು ಅದಕ್ಕೆ ನಡುಗಿದೆವು, ನೋಡು. ಬೇರೆ ಯಾರನ್ನಾದರೂ ಕರೆಯೋಣವೆಂದರೆ ಅದೇ ಬರಾಕಿನ ಉಕ್ರೇನಿನ ಹೆಂಗಸರು ಪಾಳಿಗೆ ಹೋಗಿದ್ದರು. ಇದ್ದವಳು ಒಬ್ಬಳೇ, ಮೇಲಿನ ಹಲಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಉರ್ಶುಲೆ. ಅವಳ ಜೊತೆ ನಾವ್ಯಾರೂ ಮಾತಾಡುತ್ತಿರಲಿಲ್ಲ. 'ಕರೀರೇ ಅವಳನ್ನ' ಎಂದಳು ಅಜ್ಜಿ. 'ಪ್ರೀತಿಯಿಂದ ಆಗ್ದಿದ್ರೆ ಸಾಯೋ ಭಯಕ್ಕಾದ್ರೂ ಕರೀರಿ. ದೇವ್ರಿಗೆ ಯಾವ್ದಾದ್ರೂ ನಡಿಯುತ್ತೆ.' ಖಾಲಿಯಿದ್ದದ್ದು ತೆಕ್ಲೆಯ ಜಾಗ, ನನ್ನ ಮಗ್ಗುಲಲ್ಲೇ.

ಊರಲ್ಲಿ ಪಾದ್ರಿಗಳು ಕೊಡುವ ತೆಳು ಬಿಳಿ ಬಿಲ್ಲೆ ಇಲ್ಲೆಲ್ಲಿ? ಅಜ್ಜಿ ಕೂಡಿಟ್ಟ ಹಿಟ್ಟನ್ನು ನೀರಲ್ಲಿ ಕಲಸಿ ಒಲೆಯ ಮುಚ್ಚಳದ ಮೇಲೆ ಸುಟ್ಟಿದ್ದಳು. ಅಂಚು ಕರಿ, ಅವಳ ಹಿಮ್ಮಡಿಯಷ್ಟು ಗಟ್ಟಿ. ಒಬ್ಬರ ಬಿಲ್ಲೆಯಿಂದ ಇನ್ನೊಬ್ಬರು ಮುರಿದು ತಿನ್ನಬೇಕು, ಮನಸ್ಸಿನಲ್ಲಿ ಹಗೆಯಿಟ್ಟುಕೊಂಡು ಮುರಿಯುವಂತಿಲ್ಲ. ಉರ್ಶುಲೆ ತನ್ನದನ್ನು ನನ್ನ ಮುಂದೆ ಹಿಡಿದು ಪಿಸುಗುಟ್ಟಿದಳು: 'ನಾನೇ ಹೇಳಿದ್ದು ಅಗೋತಾ. ಹೊಡ್ತ ತಡ್ಕೊಳಕ್ಕಾಗ್ಲಿಲ್ಲ, ಒಂದು ಹೆಸ್ರು ಹೇಳ್ಲೇಬೇಕಿತ್ತು. ಬೆನಾಸ್ ಸಮುದ್ರ ದಾಟಿ ಸ್ವೀಡನ್‌ಗೆ ಹೋದ ಅಂತ ಎಲ್ಲೋ ಕೇಳಿದ್ದೆ. ಹೋದೋನನ್ನ ಯಾರೇನ್ ಮಾಡ್ತಾರೆ ಅಂದ್ಕೊಂಡೆ.' ಅವನೋ ಆ ವಾರವೇ ಕಾಡಿನಿಂದ ಬಂದು ನಮ್ಮ ಹುಲ್ಲಿನಲ್ಲಿ ಮಲಗಿದ್ದ.

ಕಪಾಳಕ್ಕೆ ಹೊಡೆಯಬೇಕೆನಿಸಿತು. ಎಲ್ಲರೂ ನೋಡುತ್ತಿದ್ದರು, ಹಾಗಾಗಿ ಒಂದು ಚೂರು ಮುರಿದು ಬಾಯಿಗಿಟ್ಟೆ. ನುಂಗಲಿಲ್ಲ. ಆಮೇಲೆ ಹೊರಗೆ ಹೋಗಿ ಉಗಿಯೋಣವೆಂದು ಕೆನ್ನೆಯೊಳಗೆ ಅವಿಸಿಟ್ಟುಕೊಂಡೆ. ಅಜ್ಜಿಯ ಪ್ರಾರ್ಥನೆ ಉದ್ದವಾಯಿತು, ಒಲೆಯ ಬಿಸಿಗೆ ತೂಕಡಿಕೆ ಬಂತು, ಎಚ್ಚರವಾದಾಗ ಬಾಯಲ್ಲಿ ಏನೂ ಇರಲಿಲ್ಲ. ಹಸಿದ ಬಾಯಿ ಅಮ್ಮಾ, ಅದು ತಾನಾಗಿ ಕರಗಿಹೋಗಿತ್ತು. ನನಗೆ ನಗು ಬಂತು, ಜೊತೆಗೆ ಅಳುವೂ. ಆಮೇಲೆ ನಮ್ಮಿಬ್ಬರನ್ನೂ ಒಂದೇ ಗರಗಸದ ಎರಡು ತುದಿಗೆ ಹಾಕಿದರು. ಅವಳು ಎಳೆದರೆ ನಾನು ಬಿಡಬೇಕು, ನಾನು ಎಳೆದರೆ ಅವಳು ಬಿಡಬೇಕು, ಇಲ್ಲದಿದ್ದರೆ ಇಬ್ಬರಿಗೂ ರೊಟ್ಟಿ ಕಡಿಮೆ. ಯಾವ ದಿನ ಕ್ಷಮಿಸಿದೆ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಒಂದು ದಿನ ನೋಡುವಾಗ ಅವಳ ಕೆಮ್ಮಿಗೆ ನಾನು ಹೆದರುತ್ತಿದ್ದೆ.

ಆ ವರ್ಷ ಅವತ್ತು ಕೂತ ಹನ್ನೆರಡು ಜನರಲ್ಲಿ ಯಾರೂ ಸಾಯಲಿಲ್ಲ. ಅದರ ಕೀರ್ತಿಯನ್ನೆಲ್ಲ ತಾನೇ ತೆಗೆದುಕೊಂಡು ಮೆರೆದ ಅಜ್ಜಿ ಮರುವರ್ಷ ನಿದ್ದೆಯಲ್ಲೇ ಹೋದಳು.

ಊರಿನ ಹಿರಿಯರಿಗೆಲ್ಲ ನನ್ನ ವಂದನೆ ಹೇಳು, ಅಣ್ಣನ ಸಮಾಧಿಯ ಮೇಲೆ ನನ್ನ ಪರವಾಗಿ ಒಂದು ಮೇಣದಬತ್ತಿ ಹಚ್ಚು. ಮಾತೆ ಮರಿಯಳು ನಿನ್ನನ್ನು ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಮಗಳು,
ಅಗೋತಾ

ತಾ.ಕ.: ಪೆತ್ರೊನೆಲೆ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಅಮ್ಮಾ, ಬೆನಾಸ್ ಸ್ವೀಡನ್‌ಗೆ ಹೋದನೆಂದು ಚರ್ಚಿನ ಮೆಟ್ಟಿಲ ಮೇಲೆ ಅತ್ತು ಊರಿಗೆಲ್ಲ ಸಾರಿದವಳು ನೀನೇ. ಅವರು ಹುಡುಕುವುದನ್ನು ಬಿಡಲಿ ಎಂದು ಸುಳ್ಳು ಹೇಳಿದೆ, ನಾನಾಗಿದ್ದರೂ ಹೇಳುತ್ತಿದ್ದೆ. ಅವತ್ತು ನಿನ್ನ ಕಣ್ಣೊರೆಸಿದವಳು ಉರ್ಶುಲೆ. ನಾನು ಅಲ್ಲೇ ಇದ್ದೆ, ಚೆನ್ನಾಗಿ ನೆನಪಿದೆ. ಇಷ್ಟು ವರ್ಷದಲ್ಲಿ ಅವಳು 'ಎಲ್ಲೋ ಕೇಳಿದ್ದೆ' ಎಂದದ್ದು ಬಿಟ್ಟರೆ ನಿನ್ನ ಹೆಸರನ್ನು ಒಮ್ಮೆಯೂ ಬಾಯಿಗೆ ತಂದಿಲ್ಲ, ನನ್ನ ಹತ್ತಿರವೂ. ಅವಳು ನಿನ್ನನ್ನು ಯಾವತ್ತೋ ಕ್ಷಮಿಸಿಬಿಟ್ಟಿದ್ದಾಳೆ ಅಮ್ಮಾ. ಇನ್ನು ನಿನ್ನ ಸರದಿ. ನಾವಿಬ್ಬರೂ ಬರುತ್ತಿದ್ದೇವೆ.