ಹತ್ತನೆಯ ಬಿರಡೆ

ಒನೊಮಿಚಿ,
ಮಾರ್ಚ್ ೬, ಶುಕ್ರವಾರ

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಹಕೊದಾತೆಯಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ. ಬಾಗಿಲ ಮುಂದಿನ ಹಿಮ ಎತ್ತುವ ಕೆಲಸ ಭಾವನಿಗೇ ಬಿಡು, ಅವರ ಹೊಟ್ಟೆಗೂ ಅದು ಒಳ್ಳೆಯದು. ಹಸ್ಸಾಕು ಕಿತ್ತಳೆಯ ಪೆಟ್ಟಿಗೆ ತಲುಪಿರಬೇಕು. ಈ ಸಲ ಸ್ವಲ್ಪ ಹುಳಿ, ಕಳಿಸಿದವನ ಹಾಗೆಯೇ. ಫೋನು ಬಿಟ್ಟು ಕಾಗದ ಯಾಕೆ ಎನ್ನುತ್ತೀಯೇನೋ. ಈ ಮನೆಯ ಒಳಬಾಗಿಲುಗಳೂ ಕಾಗದದವೇ, ಮತ್ತು ಅಮ್ಮನ ಕಿವಿಗೆ ಮಾತ್ರ ಏನೂ ಆಗಿಲ್ಲ.

ಅಮ್ಮನಿಗೆ ಎಪ್ಪತ್ಮೂರಾಯಿತು. ಮುಂದಿನ ಹಜಾರದಲ್ಲಿ ಅವಳು ಮಕ್ಕಳ ಮನೆ ತೆರೆದು ಮೂವತ್ತೆಂಟು ವರ್ಷ, ನಾನು ಹೋಟೆಲಿನ ಒಲೆ ಬಿಟ್ಟು ಅವಳ ಕೈಕೆಳಗೆ ಸೇರಿ ಒಂಬತ್ತು. ಹತ್ತೊಂಬತ್ತು ಮಕ್ಕಳು ಈಗಲೂ ಹೂಜಿಯಿಂದ ಹೂಜಿಗೆ ಅವರೆಬೀಜ ಸುರಿಯುತ್ತಾರೆ, ಮೇಜು ತೊಳೆಯುತ್ತಾರೆ, ಪುಟ್ಟ ಇಸ್ತ್ರಿ ಪೆಟ್ಟಿಗೆಯಲ್ಲಿ ಕರವಸ್ತ್ರ ಒತ್ತುತ್ತಾರೆ. ಅಮ್ಮನ ಕಾನೂನು ನಿನಗೆ ಗೊತ್ತೇ ಇದೆ: ಮಗು ಕೆಲಸದಲ್ಲಿದ್ದರೆ ಕೈ ಹಾಕಕೂಡದು, ಬಾಯಿಯಂತೂ ಹಾಕಲೇಕೂಡದು. “ತಪ್ಪು ಅಂತ ನಾವ್ಯಾಕೆ ಹೇಳ್ಬೇಕು, ಸಾಮಾನೇ ಹೇಳುತ್ತೆ.” ನಾಲ್ಕು ವರ್ಷದವಳಿದ್ದಾಗ ನೀನು ಒಂದು ಲಾಡಿ ಗಂಟಿಗೆ ಇಡೀ ಬೆಳಗು ಒದ್ದಾಡಿದ್ದು, ಅಮ್ಮ ತೊಡೆಯ ಮೇಲೆ ಕೈಯಿಟ್ಟು ನೋಡುತ್ತ ಕೂತದ್ದು, ಎರಡನ್ನೂ ನೀನಿನ್ನೂ ಮರೆತಿಲ್ಲ, ಮನ್ನಿಸಿಯೂ ಇಲ್ಲ.

ಹೋದ ಶರತ್ಕಾಲದಲ್ಲಿ ಅಮ್ಮ ಒಂದೇ ಮೇಜನ್ನು ಒಂದೇ ಬೆಳಗಿನಲ್ಲಿ ಮೂರು ಸಲ ತೊಳೆಯತೊಡಗಿದಳು. ಸೋಪು, ಬ್ರಷ್ಷು, ಒರೆಸುವ ಬಟ್ಟೆ, ಮತ್ತೆ ಸೋಪು. ಸಹಾಯಕಿ ಯುರಿಕೊ ಮತ್ತು ನಾನು ಗೋಡೆಗೊರಗಿ ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದೆವು. “ಎಂಥಾ ಏಕಾಗ್ರತೆ ನೋಡಿ, ಈ ವಯಸ್ಸಲ್ಲಿ,” ಎಂದಳು ಯುರಿಕೊ. ಬೇರೆ ಯಾವ ಶಾಲೆಯಲ್ಲಾದರೂ ಎರಡನೆಯ ಸಲಕ್ಕೇ ಯಾರಾದರೂ ‘ಯಾಕಮ್ಮಾ ಮತ್ತೆ?’ ಎಂದು ಕೇಳಿರುತ್ತಿದ್ದರು. ನಾವು ಅಮ್ಮನ ಕೈಯಲ್ಲಿ ತಯಾರಾದವರು, ಮಕ್ಕಳಿಗೆ ಮಾಡುವಂತೆಯೇ ಗಡಿಯಾರ ನೋಡಿ ವೇಳೆ ಬರೆದುಕೊಂಡೆವು.

ಜನವರಿಯಲ್ಲಿ ಬಿರಡೆಗಳ ದಿಮ್ಮಿ. ನೆನಪಿದೆಯಲ್ಲ, ಹತ್ತು ಕುಳಿ, ಹತ್ತು ಮರದ ಬಿರಡೆ, ಒಂದೊಂದೂ ಒಂದೊಂದು ಅಳತೆ. ಒಂದು ತಪ್ಪು ಕುಳಿಗೆ ಹೋದರೂ ಕೊನೆಯದು ಎಲ್ಲೂ ಕೂರದೆ ಕೈಯಲ್ಲೇ ಉಳಿಯುತ್ತದೆ. ಅಮ್ಮ ಕೊತೋಹಾ ಎಂಬ ನಾಲ್ಕು ವರ್ಷದ ಹುಡುಗಿಗೆ ತೋರಿಸಿಕೊಡುತ್ತಿದ್ದಳು. ಹತ್ತನೆಯದು ಅಮ್ಮನ ಕೈಯಲ್ಲೇ ಉಳಿಯಿತು. ಅದನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಏಪ್ರನ್ನಿನ ಜೇಬಿಗೆ ಹಾಕಿ ದಿಮ್ಮಿಯನ್ನು ಕಪಾಟಿಗೆ ಒಯ್ದಿಟ್ಟಳು. ಕೊತೋಹಾ ಕಲಿಸಿದಂತೆ ಕೈ ಹಿಂದೆ ಕಟ್ಟಿಕೊಂಡೇ ಕೂತಿತ್ತು. ನಾನು ಹತ್ತಿರ ಹೋದರೆ, “ಟೀಚರ್‌ದು ಕೆಲಸ ಇನ್ನೂ ಮುಗ್ದಿಲ್ಲ, ನೀವು ಮಧ್ಯ ಬರ್ಬೇಡಿ,” ಎಂದು ನನ್ನನ್ನೇ ಗದರಿತು.

ಆ ಸಂಜೆ ಅಮ್ಮನ ಜೇಬಿನಲ್ಲಿ ಬಿರಡೆಯ ಜೊತೆ ಏಳು ಅವರೆಬೀಜ, ಒಂದು ಗುಂಡಿ ಸಿಕ್ಕವು. ಸದ್ದಿಲ್ಲದೆ ಅವುಗಳ ಜಾಗಕ್ಕೆ ಇಟ್ಟೆ. ಅಂದಿನಿಂದ ದಿನವೂ ಅದೇ ನನ್ನ ಸಂಜೆಯ ಕೆಲಸ. ಮಕ್ಕಳಿಗಾಗಿ ನಾನು ಕಟ್ಟಿದ ಪ್ರಾಸವೊಂದಿದೆ: ಎತ್ತಿದ ಕಡೆಯೇ ಇಡು, ಇಟ್ಟು ಇನ್ನೊಬ್ಬರಿಗೆ ಬಿಡು. “ನಿನ್ ಪದ್ಯ ಕೇಳಿದ್ರೆ ಮಕ್ಕಳ ಕೈ ನಿಲ್ಲುತ್ತೆ, ಬಾಯಿ ಓಡುತ್ತೆ,” ಎಂದು ಅಮ್ಮ ಬೈಯುತ್ತಿದ್ದಳು. ಈಗ ಬೈಯುವುದಿಲ್ಲ, ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಾಳೆ. ಅದು ನನಗೆ ಬೈಗುಳಕ್ಕಿಂತ ಕಷ್ಟ.

ಮಂಗಳವಾರ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸದೆ ಅಮ್ಮ ಎದ್ದುಹೋದಳು. ಒಂದು ಕರವಸ್ತ್ರ ಸುಟ್ಟಿತು, ಅಷ್ಟೆ. ಏಪ್ರಿಲ್‌ನಲ್ಲಿ ಹೊಸ ಮಕ್ಕಳು ಬರುತ್ತಾರೆ, ಮೂರು ವರ್ಷದವು, ಬಿಸಿ ಯಾವುದು ತಣ್ಣಗೆ ಯಾವುದು ಎಂದು ಮುಟ್ಟಿಯೇ ತಿಳಿಯುವವು. ಅಷ್ಟರೊಳಗೆ ‘ಇನ್ನು ಸಾಕಮ್ಮ’ ಎಂದು ಯಾರಾದರೂ ಹೇಳಲೇಬೇಕು. ನಾನು ನಾಲ್ಕು ಸಲ ಹೋಗಿ ಎದುರು ಕೂತೆ. ಅವಳು ಚಹಾ ಬಗ್ಗಿಸಿ, “ಏನೋ ಹೇಳಕ್ಕೆ ಬಂದಿದೀಯ. ನಿಧಾನ ಮಗು, ನಾನು ಕಾಯ್ತೀನಿ,” ಎನ್ನುತ್ತಾಳೆ. ಮೂವತ್ತೆಂಟು ವರ್ಷ ಕಾದು ಪಳಗಿದವಳ ಎದುರು ಯಾರು ಗೆದ್ದಾರು? ನಾಲ್ಕು ಸಲವೂ ಚಹಾ ಕುಡಿದು ಎದ್ದು ಬಂದೆ.

ಕಾಲಿಗೆ ಉಣ್ಣೆ ಪಟ್ಟಿ ಬಿಗಿದುಕೋ, ಬರಿಗಾಲಲ್ಲಿ ಅಂಗಳಕ್ಕೆ ಇಳಿಯಬೇಡ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಸೇಜಿ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಸುಟ್ಟದ್ದು ಕರವಸ್ತ್ರ ಒಂದೇ ಅಲ್ಲ, ಕೊತೋಹಾಳ ಎರಡು ಬೆರಳೂ. ಬೊಬ್ಬೆ ಎದ್ದಿದೆ, ಕಲೆ ಉಳಿಯಲಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಸ್ವಿಚ್ಚು ಆರಿಸದವನು ನಾನೇ ಎಂದು ಅವಳ ತಾಯಿಯ ಮುಂದೆ ನೆಲಕ್ಕೆ ಹಣೆ ಹಚ್ಚಿಬಿಟ್ಟೆ. “ಹೋಟೆಲ್ ಅಡುಗೆಯವ್ರ ಕೈಗೆ ಮಕ್ಕಳನ್ನ ಕೊಟ್ರೆ ಇನ್ನೇನಾಗುತ್ತೆ,” ಎಂದರು ಆಕೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. “ನನ್ ಮಗ ಹೀಗ್ ಮಾಡ್ತಾನೆ ಅಂದ್ಕೊಂಡಿರ್ಲಿಲ್ಲ,” ಎಂದಳು. ನಿಜವಾಗಿಯೂ ನಂಬಿದ್ದಳು. ಬರುವ ಶುಕ್ರವಾರ ಸಮಿತಿಯ ಸಭೆ, ನನ್ನನ್ನು ತೆಗೆಯುವುದಕ್ಕೆ. ನಾನು ಹೋದರೆ, ಹನ್ನೊಂದಕ್ಕೆ ಯುರಿಕೊ ಮನೆಗೆ ಹೊರಟ ಮೇಲೆ ಹತ್ತೊಂಬತ್ತು ಮಕ್ಕಳಿಗೆ ಅಮ್ಮ ಒಬ್ಬಳೇ. ಸಮಿತಿ ಎಂದರೆ ಹಲ್ಲಿನ ಡಾಕ್ಟರ್ ಒಕಿತಾ, ಅಮ್ಮ, ನೀನು. ಸಹಿಯ ಜಾಗದಲ್ಲಿ ಮೂವರ ಮೂರು ಮುದ್ರೆ ಬೀಳದೆ ಯಾವುದೂ ಆಗದು. ಇಷ್ಟು ವರ್ಷ ನಿನ್ನ ಮುದ್ರೆಯನ್ನು ಡ್ರಾಯರಿನಿಂದ ತೆಗೆದು ಅಮ್ಮನೇ ಒತ್ತುತ್ತಿದ್ದಳು, ನೀನೂ ಬೇಡವೆನ್ನಲಿಲ್ಲ. ಅದೀಗ ಈ ಲಕೋಟೆಯಲ್ಲಿದೆ. ಒತ್ತುವುದಾದರೆ ನೀನೇ ಬಂದು ಒತ್ತು. ನೀನು ಪಕ್ಕದಲ್ಲಿ ಕೂತರೆ ನಿಜ ಹೇಳಿಯೇನು. ಬೇಗ ಹೊರಡು ಅಕ್ಕಾ. ಪಕ್ಕದ ಕೋಣೆಯಲ್ಲಿ ಡ್ರಾಯರು ಎಳೆಯುವ ಸದ್ದು ಬೆಳಗಿನಿಂದ ನಿಂತಿಲ್ಲ. ಮುದ್ರೆಯನ್ನು ತಾನೇ ಎಲ್ಲೋ ಇಟ್ಟು ಮರೆತೆನೆಂದು ಅಮ್ಮ ಹುಡುಕುತ್ತಿದ್ದಾಳೆ.