ಮಾವನ ನಡಿಗೆಯ ಕೀಬೋರ್ಡ್

ಅಡುಗೆಮನೆಯ ಮೇಜಿನಿಂದ,
ಬುಧವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ನಮ್ಮನೆ ಸೊಸೆಗೆ ನಿನ್ನತ್ತೆಯ ಪ್ರೀತಿಯ ಮಾತು.

ಹೇಗಿದ್ದೀಯಮ್ಮಾ? ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ? ಊಟದ ತಟ್ಟೆ ಕಂಡರೆ ವಾಕರಿಕೆ ಬರುತ್ತದೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಸಮುದ್ರದ ತಳ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವವಳು ನೀನು, ನಿನ್ನನ್ನು ನೋಡಿಕೊಳ್ಳುವವರು ಅಲ್ಲಿ ಯಾರಿದ್ದಾರೆ? ಸ್ವಲ್ಪ ಸ್ವಲ್ಪವಾದರೂ ತಿನ್ನು, ಹೊಟ್ಟೆ ಖಾಲಿ ಬಿಡಬೇಡ. ಹಡಗಿನ ಫೋನಿನಲ್ಲಿ ಸಿಗುವ ಮೂರು ನಿಮಿಷವನ್ನು ನಿನ್ನ ಗಂಡನೇ ನುಂಗಿಬಿಡುತ್ತಾನೆ, ನನಗೆ ಕಾಗದವೇ ಗತಿ. ನಾವು ಮೂವರೂ ಚೆನ್ನಾಗಿದ್ದೇವೆ. ಇದೇ ಮಾತನ್ನು ಹೋದ ವಾರ ಬರೆದಿದ್ದರೆ ಶುದ್ಧ ಸುಳ್ಳಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನಿನ್ನ ಸಂಗೀತದ ಕೀಬೋರ್ಡ್ ಬಾಯಿ ಮುಚ್ಚಿಕೊಂಡಿತು. ನೀನು ಹೇಳಿಕೊಟ್ಟಂತೆ ಟ್ಯಾಬ್ಲೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ, ಅದಕ್ಕೆ ಕೀಬೋರ್ಡಿನ ವೈರು ಸಿಕ್ಕಿಸಿದೆ. ಅದರ ಸದ್ದು ಟ್ಯಾಬ್ಲೆಟ್ಟಿನಿಂದಲೇ ತಾನೇ ಬರಬೇಕು. ಕೆಂಪು ದೀಪ ಒಮ್ಮೆ ಮಿಣುಕಿ ಆರಿಹೋಯಿತು. ಬೇರೆ ಯಾವ ದಿನವಾಗಿದ್ದರೂ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಆದರೆ ನಿನ್ನ ಮಾವನವರು ಆಗಲೇ ಮಂಚದಿಂದ ಎದ್ದು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟಿದ್ದರು. ಅವರ ನಡುಕದ ಕಾಯಿಲೆ ನಿನಗೆ ಗೊತ್ತಲ್ಲ, ಬಾಗಿಲು ಬಂತೆಂದರೆ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ನೀನು, ನೀನಿಲ್ಲದಾಗ ನಾನು, ಕೀಬೋರ್ಡಿನಲ್ಲಿ ತಾಳ ನುಡಿಸಿದರೆ ಸಲೀಸಾಗಿ ದಾಟುವ ಹೊಸ್ತಿಲು, ತಾಳ ಇಲ್ಲದಿದ್ದರೆ ಬೆಟ್ಟವಾಗುತ್ತದೆ. ನೀನು ರೆಕಾರ್ಡ್ ಮಾಡಿಟ್ಟುಹೋದ ಹಾಡನ್ನು ಹಾಕಿದೆ. ಅದು ತನ್ನ ಪಾಡಿಗೆ ಓಡುತ್ತದೆ, ಅವರ ಕಾಲಿಗಾಗಿ ಕಾಯುವುದಿಲ್ಲ. ಬಾಯಲ್ಲೇ ಒಂದು, ಎರಡು ಎಂದು ಎಣಿಸಿದೆ. "ನನ್ನೇನು ಕವಾಯತಿಗೆ ನಿಲ್ಸಿದ್ದೀಯಾ?" ಎಂದು ರೇಗಿದರು. ಹೀಗೆ ಇಪ್ಪತ್ತು ನಿಮಿಷ. ನಾನು ಬಗ್ಗಿ ಅವರ ಕಾಲನ್ನು ಕೈಯಿಂದ ಎತ್ತಿಡಲು ನೋಡುತ್ತಿದ್ದಾಗ ಬಟ್ಟೆ ಒದ್ದೆಯಾಯಿತು. ಮನೆ ಮನೆ ಸುತ್ತಿ ಕರೆಂಟಿನ ಮೀಟರ್ ಓದಿ, ದಿನಕ್ಕೆ ನಾನೂರು ಮೆಟ್ಟಿಲು ಹತ್ತಿಳಿದ ಮನುಷ್ಯ. ಗೋಡೆಯ ಕಡೆ ಮುಖ ಮಾಡಿ ನಿಂತರು. ತೊಳೆದು, ಬಟ್ಟೆ ಬದಲಿಸಿ ಮಲಗಿಸಿದ ಮೇಲೆ ಒಂದೇ ಮಾತು ಹೇಳಿದರು: "ಇನ್ನು ನಾನು ಏಳಲ್ಲ, ಬಿಡೇ." ಶನಿವಾರವೂ ಭಾನುವಾರವೂ ಏಳಲಿಲ್ಲ. ಊಟ ಮಂಚಕ್ಕೇ ಹೋಯಿತು, ಅರ್ಧಕ್ಕರ್ಧ ಹಾಗೇ ವಾಪಸು ಬಂತು.

ನಿನ್ನ ಗಂಡನ ರಿಪೇರಿ ಹೇಗೆಂದು ನಿನಗೆ ಗೊತ್ತೇ ಇದೆ: ಎರಡು ಸಲ ತಟ್ಟುವುದು, ಒಂದು ಸಲ ಊದುವುದು. ಅದಾದ ಮೇಲೆ ಕೀಬೋರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾನೇ ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯಾಕೆ ತನ್ನ ಟ್ಯಾಬ್ಲೆಟ್ಟಿಗೆ ಸಿಕ್ಕಿಸಿ ನೋಡಿ, "ಇದು ಹೋಯ್ತು ಅಜ್ಜಿ, ಹೊಸದು ತಗೊಳ್ಳಿ" ಎಂದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರು ಚುಚ್ಚಿ ತೆಗೆದವಳು ನಾನು. ಲೈನು ಸತ್ತಿದೆ ಎಂದು ಹೇಳುವ ಮೊದಲು ಎರಡೂ ತುದಿ ಬೇರೆ ಬೇರೆ ನೋಡಬೇಕು ಎಂದು ನನ್ನ ಮೇಲಿನವರು ಬೈದು ಬೈದು ಕಲಿಸಿದ್ದರು. ಅಂಗಡಿಯಾಕೆ ಒಂದೇ ತುದಿ ನೋಡಿದ್ದಳು. ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಮೊದಲು ಕೀಬೋರ್ಡಿನ ವೈರನ್ನು ಫೋನಿನ ಚಾರ್ಜರಿಗೆ ಹಾಕಿದೆ. ದೀಪ ಹತ್ತಿತು, ಆರಲಿಲ್ಲ. ಅಂದರೆ ಅದಕ್ಕೆ ಜೀವವಿದೆ. ಆಮೇಲೆ ಅಡಾಪ್ಟರಿಗೆ ನಿಮ್ಮ ಮದುವೆ ಫೋಟೋಗಳ ಪೆನ್‌ಡ್ರೈವ್ ಹಾಕಿದೆ. ಟ್ಯಾಬ್ಲೆಟ್ಟಿನಲ್ಲಿ ಫೋಟೋಗಳೆಲ್ಲ ಬಂದವು (ನಿನ್ನ ಚಿಕ್ಕಪ್ಪ ಎಲ್ಲದರಲ್ಲೂ ತಿನ್ನುತ್ತಿದ್ದಾರೆ). ಅಂದರೆ ಅಡಾಪ್ಟರೂ ಸರಿ, ಟ್ಯಾಬ್ಲೆಟ್ಟೂ ಸರಿ. ಕೀಬೋರ್ಡಿನ ವೈರಿನೊಳಗೆ ಒಂದು ಎಳೆ ಕಡಿದಿರಬಹುದೇ ಎಂದು ಪ್ರಿಂಟರಿನ ವೈರು ಬಿಚ್ಚಿ ಹಾಕಿ ನೋಡಿದೆ. ಅದರಲ್ಲೂ ಅದೇ ಕತೆ, ಮಿಣುಕಿ ಆರಿತು. ಒಬ್ಬೊಬ್ಬರೇ ಇದ್ದಾಗ ಎಲ್ಲರೂ ಸಾಧುಗಳು, ಒಟ್ಟಿಗೆ ಕೂರಿಸಿದರೆ ಮುನಿಸು. ಆಗ ಟ್ಯಾಬ್ಲೆಟ್ಟಿನ ಮೇಲೆ ಅಕ್ಷರದ ಒಂದು ಸಾಲು ಬಂದು ಮಾಯವಾಗುವುದು ಕಣ್ಣಿಗೆ ಬಿತ್ತು. ಕನ್ನಡಕ ಹಾಕಿಕೊಂಡು, ವೈರು ಬಿಚ್ಚಿ ಹಾಕಿ, ನಾಲ್ಕನೇ ಸಲಕ್ಕೆ ಪೂರ್ತಿ ಓದಿದೆ. ಈ ವಸ್ತು ಹೆಚ್ಚು ಕರೆಂಟು ಕೇಳುತ್ತದೆ, ಕೊಡಲು ನನ್ನಿಂದಾಗದು ಎಂದು ಟ್ಯಾಬ್ಲೆಟ್ಟು ಪಾಪ ಮೂರು ದಿನದಿಂದ ಹೇಳುತ್ತಲೇ ಇತ್ತು. ನಾವು ಯಾರೂ ಕೇಳಿಸಿಕೊಂಡಿರಲಿಲ್ಲ.

ಹಾಗಾದರೆ ಗುರುವಾರದವರೆಗೆ ಹೇಗೆ ಕೊಡುತ್ತಿತ್ತು? ಅಡಾಪ್ಟರನ್ನು ತಿರುಗಿಸಿ ತಿರುಗಿಸಿ ನೋಡಿದೆ. ನೀನಿಟ್ಟದ್ದಕ್ಕೆ ಎರಡು ತೂತಿದ್ದವು, ಒಂದು ಕೀಬೋರ್ಡಿಗೆ, ಇನ್ನೊಂದು ಚಾರ್ಜರಿಗೆ. ಚಾರ್ಜರು ಸದಾ ಸಿಕ್ಕಿಕೊಂಡೇ ಇರುತ್ತಿದ್ದುದರಿಂದ ಆ ತೂತಿನ ನೆನಪೇ ನನಗಿರಲಿಲ್ಲ. ಇದಕ್ಕೆ ಒಂದೇ. ನಿನ್ನ ಗಂಡನನ್ನು ಕರೆದು ಕೈಯಲ್ಲಿಟ್ಟೆ. ತಲೆ ಕೆರೆದುಕೊಂಡ. ಗುರುವಾರ ಡ್ಯೂಟಿಗೆ ಹೊರಡುವ ಆತುರದಲ್ಲಿ ಬೂಟುಗಾಲಿನಲ್ಲಿ ಹಳೆಯದನ್ನು ತುಳಿದು ಪುಡಿ ಮಾಡಿ, ಅದರ ಜಾಗದಲ್ಲಿ ಇದನ್ನು ತಂದಿಟ್ಟಿದ್ದನಂತೆ. "ಅದರ ಹಾಗೇ ಇತ್ತಲ್ಲಮ್ಮಾ, ಒಂದು ತೂತು ಕಮ್ಮಿ ಅಷ್ಟೇ" ಎಂದ. ಅಪ್ಪ ಮಲಗಿಬಿಟ್ಟದ್ದು ತನ್ನಿಂದ ಎಂದು ಅರ್ಥವಾದಾಗ ಅವನ ಮುಖ ನೋಡಿ ಬೈಯಲು ನನಗೆ ಮನಸ್ಸಾಗಲಿಲ್ಲ. ಸೋಮವಾರ ಅಂಗಡಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತು, ಎರಡು ತೂತಿನದನ್ನು ತಂದ.

ದೀಪ ಹತ್ತಿ ನಿಂತಿತು. ಮಂಚದಿಂದ ಕತ್ತು ಎತ್ತಿ ಅವರೂ ನೋಡಿದರು. ಅವರ ನಡಿಗೆಗೆಂದು ನೀನು ಕಲಿಸಿದ ಹಾಡು ಶುರು ಮಾಡಿದೆ, ಪರದೆಯ ಮೇಲಿನ ಕೀಲಿಗಳು ಕುಣಿದವು, ಸದ್ದು ಮಾತ್ರ ಇಲ್ಲ! ಇನ್ನಷ್ಟು ಜೋರಾಗಿ ಒತ್ತಿದೆ. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ, ಅಡಾಪ್ಟರನ್ನೂ ತಂದುಕೊಟ್ಟು ಒಳಗೆ ಮಲಗಿದ್ದ ನಿನ್ನ ಗಂಡ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದ. "ಅಮ್ಮಾ, ನನ್ನ ಕಿವಿಯೊಳಗೆ ಬ್ಯಾಂಡು ಹೊಡೀತಿದ್ದೀಯಲ್ಲ!" ಟ್ಯಾಬ್ಲೆಟ್ಟು ಅವನ ವೈರಿಲ್ಲದ ಇಯರ್‌ಫೋನಿಗೆ ಜೋಡಿಯಾಗಿತ್ತು, ಸದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು. ನಿನ್ನ ಮಾವನವರು ನಕ್ಕರು. ಮೂರು ದಿನಕ್ಕೆ ಮೊದಲ ನಗು. ಕೆಮ್ಮು ಬರುವವರೆಗೂ ನಕ್ಕು, "ಎಲ್ಲಿ, ನನ್ನ ಕಿವಿಗೂ ಸ್ವಲ್ಪ ಕೇಳಿಸು" ಎಂದು ಕಾಲು ಕೆಳಗೆ ಬಿಟ್ಟರು. ನಿನ್ನ ಗಂಡ ಇಯರ್‌ಫೋನಿನ ಜೋಡಣೆ ಬಿಡಿಸಿದ, ನಾನು ನಿನ್ನ ಮಾವನವರ ಪಾದದ ಮೇಲೇ ಕಣ್ಣಿಟ್ಟು ನುಡಿಸಿದೆ. ಅವರು ತಡೆದರೆ ನಾನೂ ತಡೆದೆ, ಎತ್ತಿಟ್ಟರೆ ಒತ್ತಿದೆ. ಎರಡು ಕಡೆ ತಪ್ಪು ಕೀಲಿ ಬಿತ್ತು, ಅವರ ಕಾಲಿಗೆ ಗೊತ್ತಾಗಲಿಲ್ಲ. ಬಚ್ಚಲ ಬಾಗಿಲು ದಾಟಿದರು. ಒಳಗಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿ ನಾನು ಅಲ್ಲೇ ಕುಳಿತು ಅತ್ತೆ. ಇದನ್ನು ಯಾರಿಗೂ ಹೇಳಬೇಡ.

ನಿದ್ದೆ ಚೆನ್ನಾಗಿ ಮಾಡು, ಕಿವಿಗೆ ಗಾಳಿ ಬಡಿಯದಂತೆ ಮುಚ್ಚಿಕೋ. ಎಲ್ಲಿದ್ದರೂ ಸುಖವಾಗಿರಮ್ಮಾ.

ನಿನ್ನ
ಅತ್ತೆ

ಮರೆತಿದ್ದೆ: ಇನ್ನೂ ಐದು ತಿಂಗಳು ಇರುತ್ತೀಯಾ ಎಂದು ಹಡಗಿನವರು ಕೇಳಿದ್ದಾರೆ, ಮನೆಯ ಪರಿಸ್ಥಿತಿಗಾಗಿ ಆಗುವುದಿಲ್ಲ ಎನ್ನುತ್ತೇನೆ ಎಂದು ಬರೆದಿದ್ದೀಯಲ್ಲ, ಹಾಗೆ ಹೇಳಬೇಡ. ಹ್ಞೂಂ ಅನ್ನು. ನಿನ್ನ ಮಾವನವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. "ಅವಳು ಅಳೆದು ಮುಗಿಸ್ಲಿ, ನಾನು ನಡೀತಿರ್ತೀನಿ" ಎಂದರು. ಅಂಚೆ ತೆಗೆಯುವ ಹೊತ್ತಾಯಿತು.